ಗುಮಾಸ್ತನ ಮುರಿಯದ ಸಹಿ

"ಅಜ್ಜಾರ, ನಾನು ಸಹಿ ಮಾಡಿದ ಕೆಲಸವನ್ನ ಇನ್ನೊಬ್ಬರು ತಿದ್ದಿದರ, ಆ ತಿದ್ದಿದ್ದಕ್ಕ ನಾನು ಮತ್ತ ಸಹಿ ಮಾಡಬೇಕೇನ್ರೀ?" ಎಂದು ಶಂಭುಲಿಂಗ ಕೇಳಿದ.

ಭಾನುವಾರದ ಬೆಳಗು. ಮಠದ ಪಡಸಾಲೆಯಲ್ಲಿ, ಭಕ್ತರು ಅಜ್ಜಾರು ಎಂದು ಕರೆಯುವ ಗುರುಗಳು ಒಬ್ಬರೇ ಕೂತಿದ್ದರು. ಶಂಭುಲಿಂಗ ಒಂದು ಬೀಜದ ಕಂಪನಿಯ ಕಚೇರಿಯಲ್ಲಿ ಮೇಲ್ವಿಚಾರಕ. ಹದಿನೈದು ವರ್ಷದಿಂದ ಒಂದು ಭಾನುವಾರವನ್ನೂ ತಪ್ಪಿಸದೆ ಮಠಕ್ಕೆ ಬರುವವನು. ಕೆಲಸದಲ್ಲಿ ಕಟ್ಟುನಿಟ್ಟು. ಅವನ ಮೇಜಿನ ಮೇಲೆ ಒಂದು ಕಾಗದವೂ ಓರೆಯಾಗಿ ಬೀಳುವ ಧೈರ್ಯ ಮಾಡುತ್ತಿರಲಿಲ್ಲ.

"ಎಂಥಾ ಸಹಿ?" ಎಂದರು ಗುರುಗಳು.

ಶಂಭುಲಿಂಗ ವಿವರವಾಗಿಯೇ ಹೇಳಿದ. ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ ಮ್ಯಾಕ್ರೋ ಎಂಬುದೊಂದು ಇರುತ್ತದೆ. ಅದು ಸಾಲಾಗಿ ಬರೆದಿಟ್ಟ ಆಜ್ಞೆಗಳು. ಒಂದು ಗುಂಡಿ ಒತ್ತಿದರೆ ಒಬ್ಬ ಮನುಷ್ಯ ಒಂದು ದಿನ ಕೂತು ಮಾಡುವ ಪಟ್ಟಿಯನ್ನು ಅದು ಗಳಿಗೆಯಲ್ಲಿ ಮಾಡಿ ಕೊಡುತ್ತದೆ. ಯಾವ ಬೀಜದ ಚೀಲ ಯಾವ ಗೋದಾಮಿಗೆ ಎಂದು ಪಟ್ಟಿ ಮಾಡುವ ಮ್ಯಾಕ್ರೋವನ್ನು ಶಂಭುಲಿಂಗನೇ ಬರೆದಿದ್ದ. ಗುರುತಿಲ್ಲದವರು ಬರೆದ ಮ್ಯಾಕ್ರೋದಲ್ಲಿ ಕಿಡಿಗೇಡಿತನ ಅಡಗಿರಬಹುದು. ಆದ್ದರಿಂದ ಅವನು ತನ್ನದಕ್ಕೆ ಡಿಜಿಟಲ್ ಸಹಿ ಮಾಡಿದ್ದ. ಕಚೇರಿಯ ಹನ್ನೆರಡು ಕಂಪ್ಯೂಟರುಗಳೂ ಆ ಸಹಿಯನ್ನು ನೋಡಿದರೆ ಮಾತ್ರ ಕೆಲಸಕ್ಕೆ ಇಳಿಯುತ್ತವೆ. ಸಹಿಯಾದ ಮೇಲೆ ಯಾರಾದರೂ ಒಳಗೆ ಒಂದೇ ಒಂದು ಅಕ್ಷರ ಬದಲಿಸಿದರೂ ಸಹಿ ಮುರಿಯುತ್ತದೆ, ಕಂಪ್ಯೂಟರ್ ಒಲ್ಲೆ ಎನ್ನುತ್ತದೆ.

ಹೋದ ವರ್ಷ ಕೆಲಸಕ್ಕೆ ಸೇರಿದ ನಸೀಮಾ ಎಂಬ ಹುಡುಗಿ ಅದರಲ್ಲಿ ಒಂದು ಸಾಲು ತಿದ್ದಿದ್ದಳು. ಹಳೆಯ ಸಾಲಿನಿಂದಾಗಿ ಎರಡು ಗೋದಾಮುಗಳ ಚೀಲಗಳು ಪಟ್ಟಿಯಲ್ಲಿ ಅದಲುಬದಲಾಗುತ್ತಿದ್ದವು. ದಿನಾ ಸಂಜೆ ಅವಳೇ ಕೂತು ಅವುಗಳನ್ನು ಕೈಯಾರೆ ಸರಿಮಾಡಬೇಕಾಗಿತ್ತು. ತಿದ್ದಿದ್ದನ್ನು ಶಂಭುಲಿಂಗನಿಗೆ ಕೊಟ್ಟು ಹನ್ನೊಂದು ದಿನವಾಗಿತ್ತು. ನಾಳೆ ಮ್ಯಾನೇಜರು ಕೇಳುವವರಿದ್ದರು.

"ಆಕಿ ತಿದ್ದಿದ್ದು ಸರಿ ಐತೇನು?"

"ಮೂರು ಸಲ ನೋಡೇನ್ರೀ. ಸರಿ ಐತಿ. ಆದರ ನಾ ಬರೆದ ಸಾಲಲ್ಲ. ನನ್ನ ಸಹಿ ಅಂದರ ನನ್ನ ಮಾನ. ಅದನ್ನ ಇನ್ನೊಬ್ಬರ ಸಾಲಿನ ಕೆಳಗ ಹೆಂಗ ಇಡಲಿ?"

ಗುರುಗಳು ತನ್ನ ನಿಷ್ಠೆಯನ್ನು ಮೆಚ್ಚಿ ಎರಡು ಮಾತು ಆಡುತ್ತಾರೆಂದು ಶಂಭುಲಿಂಗ ಬೆನ್ನು ನೆಟ್ಟಗೆ ಮಾಡಿ ಕೂತ. ಗುರುಗಳು ಮೆಚ್ಚಲೂ ಇಲ್ಲ, ಬಯ್ಯಲೂ ಇಲ್ಲ. ಆ ಮಠಕ್ಕೆ ನಡೆದುಕೊಳ್ಳುವವರಲ್ಲಿ ಅರ್ಧ ಜನ ಬಸ್ ಡಿಪೋದವರು. ಇಷ್ಟು ವರ್ಷ ಅವರ ಗೋಳು ಕೇಳಿ ಕೇಳಿ ಗುರುಗಳಿಗೆ ಸಾರಿಗೆಯ ಶಾಸ್ತ್ರ ಬಹಳಷ್ಟು ತಿಳಿದಿತ್ತು. ಅವರು ಒಂದು ಕತೆ ಹೇಳಿದರು.

ಒಂದು ಸಾರಿಗೆ ಸಂಸ್ಥೆ. ಅದರ ದೊಡ್ಡ ಕಚೇರಿಯಲ್ಲಿ ಒಬ್ಬ ಗುಮಾಸ್ತನಿದ್ದ. ಎಂಟು ಡಿಪೋಗಳ ಡ್ಯೂಟಿ ಪಟ್ಟಿ ಅವನ ಕೈಯಲ್ಲಿತ್ತು. ಯಾವ ಕಂಡಕ್ಟರ್ ಯಾವ ಮಾರ್ಗಕ್ಕೆ, ಅವನಿಗೆ ವಾರದ ರಜೆ ಯಾವ ದಿನ ಎಂಬುದೆಲ್ಲ ಅದರಲ್ಲಿ ಬರಬೇಕು. ಮೊದಲು ಡಿಪೋದವರು ತಮಗೆ ತಿಳಿದಂತೆ ಕೈಯಲ್ಲಿ ಬರೆಯುತ್ತಿದ್ದರು. ಬೇಕಾದವರಿಗೆ ಭಾನುವಾರ, ಬೇಡವಾದವರಿಗೆ ಬುಧವಾರ. ಗುಮಾಸ್ತನಿಗೆ ಇದನ್ನು ಸಹಿಸಲಾಗಲಿಲ್ಲ. ಅವನು ಒಂದು ಮ್ಯಾಕ್ರೋ ಬರೆದ. ಪಟ್ಟಿಯ ಮೊದಲನೆಯ ಸಾಲಿಗೆ ಸೋಮವಾರ, ಎರಡನೆಯ ಸಾಲಿಗೆ ಮಂಗಳವಾರ. ಏಳು ದಿನ ಮುಗಿದರೆ ಮತ್ತೆ ಸೋಮವಾರದಿಂದ. ಡಿಪೋದಲ್ಲಿ ಎಷ್ಟು ಕಂಡಕ್ಟರುಗಳೋ ಅಷ್ಟು ಸಾಲು ಎಣಿಸಿ ನಿಲ್ಲಬೇಕು. ಅವನು ಅದನ್ನು ಏಳು ಸಲ ಪರೀಕ್ಷಿಸಿ, ಡಿಜಿಟಲ್ ಸಹಿ ಮಾಡಿ, ಎಂಟೂ ಡಿಪೋಗಳಿಗೆ ಕಳಿಸಿದ. ಈ ಸಹಿ ಇಲ್ಲದ ಯಾವ ಮ್ಯಾಕ್ರೋವನ್ನೂ ನಡೆಸಕೂಡದೆಂದು ಕಂಪ್ಯೂಟರುಗಳಿಗೆ ಕಟ್ಟು ಹಾಕಿಸಿದ. ಈ ಸಹಿ ಇರುವ ಪಟ್ಟಿಯನ್ನು ಪ್ರಶ್ನಿಸಕೂಡದೆಂದು ಮನುಷ್ಯರಿಗೂ ಸುತ್ತೋಲೆ ಕಳಿಸಿದ.

ಆರು ತಿಂಗಳು ಎಲ್ಲವೂ ನೆಟ್ಟಗೆ ನಡೆಯಿತು. ಆಮೇಲೆ ಒಂದು ದಿನ ಗುಮಾಸ್ತನಿಗೆ ಪಟ್ಟಿಯಲ್ಲಿ ಒಂದು ಕೊರತೆ ಕಂಡಿತು. ಪಟ್ಟಿಗೆ ತಲೆಬರಹವೇ ಇಲ್ಲ! ಹೆಸರಿನಿಂದಲೇ ಶುರುವಾಗುತ್ತದೆ. ಕಚೇರಿಯ ಕಾಗದ ಬರಿದಲೆಯಲ್ಲಿ ಹೊರಗೆ ಬರುವುದು ಅವನಿಗೆ ಒಪ್ಪಿಗೆಯಾಗಲಿಲ್ಲ. ಇನ್ನು ಮುಂದೆ ಪಟ್ಟಿಯಲ್ಲಿ 'ಕಂಡಕ್ಟರ್ ಹೆಸರು', 'ಮಾರ್ಗ', 'ವಾರದ ರಜೆ' ಎಂದು ತಲೆಬರಹ ಇರತಕ್ಕದ್ದು ಎಂದು ಇನ್ನೊಂದು ಸುತ್ತೋಲೆ ಹೊರಡಿಸಿದ. ಡಿಪೋದವರು ಅದನ್ನು ಮೊದಲನೆಯ ಸಾಲಿನಲ್ಲಿ ಬರೆದರು. ಬದಲಾದದ್ದು ಹಾಳೆ, ಮ್ಯಾಕ್ರೋ ಅಲ್ಲ. ಸಹಿ ಭದ್ರವಾಗಿಯೇ ಉಳಿಯಿತು.

ಮ್ಯಾಕ್ರೋಗೆ ತಲೆಬರಹವೂ ಒಂದೇ, ಕಂಡಕ್ಟರೂ ಒಂದೇ. ಅದು ಮೊದಲನೆಯ ಸಾಲಿನಿಂದ ಎಣಿಸಿತು. ತಲೆಬರಹಕ್ಕೆ ಸೋಮವಾರ ರಜೆ ಕೊಟ್ಟಿತು. ಕಂಡಕ್ಟರುಗಳ ಲೆಕ್ಕ ಮುಗಿದಲ್ಲಿ ನಿಂತಿತು. ಒಂದು ಸಾಲು ಉಳಿಯಿತು. ಪಟ್ಟಿಯ ಕೊನೆಯವನಿಗೆ ರಜೆಯೇ ಇಲ್ಲ.

ಏಳು ಡಿಪೋಗಳಲ್ಲಿ ಕೊನೆಯವನು ಹೊಸಬ. ಹೊಸಬರಿಗೆ ಹೀಗೇ ಇರುತ್ತದೇನೋ ಎಂದುಕೊಂಡು ಸುಮ್ಮನೆ ದುಡಿದ. ಎಂಟನೆಯ ಡಿಪೋದಲ್ಲಿ ಕೊನೆಯವನು ಹೊಸಬನಲ್ಲ. ಬೇರೆ ಊರಿನಿಂದ ವರ್ಗವಾಗಿ ಬಂದ, ತಲೆ ನರೆತ ಕಂಡಕ್ಟರ್. ಮುಂದಿನ ಸೋಮವಾರ ಅವನ ಮಗಳ ನಿಶ್ಚಿತಾರ್ಥ. ಇದ್ದಬದ್ದ ಬೇರೆ ರಜೆಯೆಲ್ಲ ಹೆಂಡತಿಯ ಆಪರೇಷನ್ನಿಗೆ ಖರ್ಚಾಗಿತ್ತು. ವಾರದ ರಜೆ ಬಿಟ್ಟರೆ ಅವನಿಗೆ ಗತಿಯಿಲ್ಲ. ಆ ರಜೆಯನ್ನು ಹುಡುಕುತ್ತ ಅವನು ಪಟ್ಟಿಯ ಮೇಲಿನಿಂದ ಕೆಳಗೆ ಬೆರಳಾಡಿಸಿದ. ಕೆಳಗಿನಿಂದ ಮೇಲಕ್ಕೂ ಆಡಿಸಿದ. ಏಳೇಳರ ಲೆಕ್ಕದಲ್ಲಿ ತನಗೆ ಬೀಳಬೇಕಿದ್ದ ಸೋಮವಾರ ತಲೆಬರಹದ ಬಳಿ ಸಿಕ್ಕಿತು.

ಡಿಪೋದಲ್ಲಿ ಒಬ್ಬ ಟೈಪಿಸ್ಟ್ ಹೆಣ್ಣುಮಗಳಿದ್ದಳು. ಅವಳು ಮ್ಯಾಕ್ರೋ ತೆರೆದು ಓದಿದಳು. ಒಂದು ಎಂದಿದ್ದ ಕಡೆ ಎರಡು ಎಂದು ಬರೆದಳು. ಅಷ್ಟೇ. ಇನ್ನು ಎರಡನೆಯ ಸಾಲಿನಿಂದ ಎಣಿಕೆ. ಎಲ್ಲವೂ ಸರಿಯಾಯಿತು, ಆದರೆ ಸಹಿ ಮುರಿಯಿತು. ಕಂಪ್ಯೂಟರ್ ಅಲ್ಲಾಡಲಿಲ್ಲ.

"ನೋಡ್ರೀ ಸರ, ತಪ್ಪಿದ್ದದ್ದಕ್ಕ ಹೂಂ ಅಂತೈತಿ, ಸರಿ ಇದ್ದದ್ದಕ್ಕ ಒಲ್ಲೆ ಅಂತೈತಿ" ಎಂದಳು ಡಿಪೋ ಮ್ಯಾನೇಜರಿಗೆ.

"ಅದಕ್ಕೇನು ಗೊತ್ತಾಗ್ತದವ್ವಾ? ಸಹಿ ಇದ್ದರ ಹೂಂ ಅನ್ನು ಅಂತ ಹೇಳ್ಯಾರ, ಅಂತೈತಿ. ನನಗೂ ಹಂಗ ಹೇಳ್ಯಾರ, ನಾನೂ ಅಂತೀನಿ."

ಕಂಡಕ್ಟರ್ ಆ ತಿದ್ದಿದ್ದನ್ನು ಒಂದು ಕಾಗದದ ಮೇಲೆ ಬರೆಸಿಕೊಂಡು, ಪಾಳಿ ಮುಗಿದ ಮೇಲೆ ಬಸ್ಸು ಹತ್ತಿ ದೊಡ್ಡ ಕಚೇರಿಗೆ ಹೋದ. ಗುಮಾಸ್ತ ಅವನನ್ನು ಕೂರಿಸಿದ, ನೀರು ಕೊಡಿಸಿದ. ಕೆಟ್ಟವನಲ್ಲ ಅವನು. ದೂರನ್ನು ಪೂರ್ತಿ ಕೇಳಿದ. ಮ್ಯಾಕ್ರೋ ತೆರೆದ. ಮೊದಲು ಸಹಿಯನ್ನು ನೋಡಿದ. ಆಮೇಲೆ ಅವನಿಗೆ ಬೇರೇನನ್ನೂ ನೋಡುವ ಅಗತ್ಯ ಕಾಣಲಿಲ್ಲ.

"ಸಹಿ ಭದ್ರ ಅದ. ಯಾರೂ ಒಂದಕ್ಷರ ಮುಟ್ಟಿಲ್ಲ. ನಾನು ಬರೆದದ್ದು ಬರೆದ ಹಾಗೇ ಅದ."

"ಅದಽ ತ್ರಾಸಾಗೇತ್ರೀ ಸಾಹೇಬ್ರ" ಎಂದ ಕಂಡಕ್ಟರ್. "ಒಂದು ಇದ್ದಲ್ಲಿ ಎರಡು ಮಾಡಿ, ಮತ್ತೊಂದು ಸಹಿ ಒಗೀರಿ. ನನ್ನ ಮಗಳ ನಿಶ್ಚಯ ಐತಿ."

ಗುಮಾಸ್ತ ಕಾಗದವನ್ನು ನೋಡಿದ. ಆ ಎರಡನ್ನು ನೋಡಿದ. ಅವನು ದಡ್ಡನಲ್ಲ, ಒಂದೇ ನೋಟಕ್ಕೆ ಅರ್ಥವಾಯಿತು. ಅರ್ಥವಾದದ್ದೇ ಮುಖ ಬಿಗಿಯಿತು. ತನ್ನ ಕೈಯಿಂದ ತಾನೇ ತಿದ್ದಿದರೆ ಎಂಟು ಡಿಪೋಗಳಿಗೂ ಹೊಸ ಮ್ಯಾಕ್ರೋ ಹೋಗಬೇಕು. ಯಾಕೆ ಹೊಸದು ಎಂದು ಎಂಟು ಜನ ಮ್ಯಾನೇಜರುಗಳು ಕೇಳುತ್ತಾರೆ. ಟೈಪಿಸ್ಟ್ ತಿದ್ದಿದ್ದಕ್ಕೆ ಸಹಿ ಮಾಡಿದರೆ ಅದು ಇನ್ನೂ ಕೆಟ್ಟದ್ದು.

"ನನ್ನದರೊಳಗ ತಿದ್ದುವಂಥದ್ದು ಇದ್ದಿದ್ದರ ನಾನು ಸಹಿನೇ ಮಾಡ್ತಿರಲಿಲ್ಲ. ನಾನು ಸಹಿ ಮಾಡೇನಿ. ಆದ್ದರಿಂದ ತಿದ್ದುವಂಥದ್ದು ಇಲ್ಲ."

ಮೂವತ್ತು ವರ್ಷ ಚಿಲ್ಲರೆಗಾಗಿ ಪ್ರಯಾಣಿಕರೊಂದಿಗೆ ಜಗಳಾಡಿದ ಕಂಡಕ್ಟರನಿಗೂ ಇಂಥ ಮಾತು ಎದುರಾಗಿರಲಿಲ್ಲ. ನೀರಿನ ಲೋಟ ಕೆಳಗಿಟ್ಟು ಕೈಮುಗಿದು ಹೊರಟ. ಗುಮಾಸ್ತ ಅವತ್ತೇ ಡಿಪೋ ಮ್ಯಾನೇಜರಿಗೆ ಪತ್ರ ಬರೆದ. ಸಹಿ ಇರುವ ಪಟ್ಟಿಯನ್ನು ಅಕ್ಷರಶಃ ಪಾಲಿಸತಕ್ಕದ್ದು, ತಪ್ಪಿದರೆ ನೀವೇ ಹೊಣೆ.

ಮ್ಯಾನೇಜರ್ ಆ ಪತ್ರವನ್ನು ಟೈಪಿಸ್ಟಿಗೆ ಓದಿಸಿದ. ಅವಳು ಪಟ್ಟಿ ತೆರೆದಳು. ಮ್ಯಾಕ್ರೋ ಮುಟ್ಟಕೂಡದು, ಸರಿ. ಹಾಳೆ ಮುಟ್ಟಕೂಡದೆಂದು ಯಾರೂ ಬರೆದಿಲ್ಲವಲ್ಲ. ಅವಳು ಕಂಡಕ್ಟರನ ಸಾಲನ್ನು ಎತ್ತಿ ಎಲ್ಲಕ್ಕಿಂತ ಮೇಲಿಟ್ಟಳು. ತಲೆಬರಹವನ್ನು ಇಳಿಸಿ ಎಲ್ಲಕ್ಕಿಂತ ಕೆಳಗಿಟ್ಟಳು. ಗುಂಡಿ ಒತ್ತಿದಳು. ಸಹಿ ಭದ್ರ. ಕಂಪ್ಯೂಟರ್ ಹೂಂ ಎಂದಿತು. ಕಂಡಕ್ಟರನಿಗೆ ಸೋಮವಾರ ರಜೆ ಬಿತ್ತು.

ಸೋಮವಾರ ಅವನ ಬಸ್ಸಿಗೆ ಬದಲಿ ಕಂಡಕ್ಟರ್ ಹತ್ತಿದ. ಇತ್ತ ನಿಶ್ಚಿತಾರ್ಥ ಚೆನ್ನಾಗಿ ನಡೆಯಿತು. ಕಂಡಕ್ಟರ್ ಹೊಸ ಪಟಕ ಸುತ್ತಿಕೊಂಡು, ತಾನೇ ಪಂಕ್ತಿಯಲ್ಲಿ ಓಡಾಡಿ ಬೀಗರಿಗೆ ಹೋಳಿಗೆ ಬಡಿಸಿದ. ಸಾಕು ಎಂದವರಿಗೂ ಬಡಿಸಿದ. ಟಿಕೆಟ್ ಹರಿದು ರೂಢಿಯಾದ ಕೈ ನಿಲ್ಲುತ್ತಿರಲಿಲ್ಲ.

ಇನ್ನು ಅಕ್ಷರಶಃ ಪಾಲಿಸುವ ಕೆಲಸ ಉಳಿದಿತ್ತು. ಮ್ಯಾನೇಜರ್ ಪಟ್ಟಿ ಹಿಡಿದು ಹಾಜರಿ ತೆಗೆದುಕೊಂಡ. ಕೊನೆಯ ಸಾಲಿನವನಿಗೆ ಸೋಮವಾರ ರಜೆಯಿಲ್ಲ. ಅವನು ಬಂದೂ ಇಲ್ಲ. ಮ್ಯಾನೇಜರ್ ಮುಖದಲ್ಲಿ ಒಂದು ಗೆರೆಯನ್ನೂ ಅಲುಗಿಸದೆ ದೊಡ್ಡ ಕಚೇರಿಗೆ ವರದಿ ಬರೆದ. ತಮ್ಮ ಸಹಿ ಇರುವ ಪಟ್ಟಿಯ ಪ್ರಕಾರ, 'ಕಂಡಕ್ಟರ್ ಹೆಸರು' ಎಂಬವರು ಈ ದಿನ ಹೇಳದೆ ಕೇಳದೆ ಗೈರುಹಾಜರು. ಮುಂದಿನ ಆದೇಶಕ್ಕೆ ಕಾದಿದ್ದೇನೆ.

ಗುಮಾಸ್ತ ಪಟ್ಟಿ ತರಿಸಿದ. ಎಂದಿನಂತೆ ಮೊದಲು ಸಹಿಯನ್ನು ನೋಡಿದ. ಭದ್ರವಾಗಿತ್ತು. ಹಾಗಾದರೆ ಪಟ್ಟಿ ಸರಿ. ಪಟ್ಟಿ ಸರಿಯಾದರೆ ಅದರಲ್ಲಿರುವವನೂ ಇರಲೇಬೇಕು. ಇರುವವನು ಬರದಿದ್ದರೆ ತಪ್ಪು ಅವನದೇ. ಗುಮಾಸ್ತ ಮೆಮೊ ಬರೆದ. ತಾವು ಸೋಮವಾರ ಕರ್ತವ್ಯಕ್ಕೆ ಹಾಜರಾಗದ ಕಾರಣವನ್ನು ಮೂರು ದಿನದೊಳಗೆ ತಿಳಿಸತಕ್ಕದ್ದು.

ಮೂರು ದಿನವಾಯಿತು, ಉತ್ತರ ಬರಲಿಲ್ಲ. ಗುಮಾಸ್ತ ಎರಡನೆಯ ಮೆಮೊ ಬರೆದ. ಅದರ ಭಾಷೆ ಇನ್ನಷ್ಟು ಬಿಗಿಯಾಗಿತ್ತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಂಭುಲಿಂಗ ಜೋರಾಗಿ ನಕ್ಕುಬಿಟ್ಟ. ಅರ್ಧ ನಕ್ಕ ಮೇಲೆ ಗುರುಗಳು ನಗುತ್ತಿಲ್ಲ ಎಂಬುದು ಗಮನಕ್ಕೆ ಬಂತು. ಅಂಗಿಯ ಕಾಲರ್ ಸರಿಮಾಡಿಕೊಂಡ. ಹನ್ನೊಂದು ದಿನದಿಂದ ದಿನಾ ಸಂಜೆ ಚೀಲಗಳ ಹೆಸರು ಅದಲುಬದಲು ಮಾಡುತ್ತ ಕೂತ ನಸೀಮಾಳ ಬೆನ್ನು ಅವನ ಕಣ್ಣಿಗೆ ಕಟ್ಟಿತು. ಆದರೂ ಮನಸ್ಸು ಪೂರ್ತಿ ಸೋಲೊಪ್ಪಲಿಲ್ಲ. ಒಂದು ಅಂಶವಾದರೂ ತನ್ನ ಕಡೆ ಉಳಿಯಬೇಕು ಅನಿಸಿತು.

"ಎಲ್ಲಾ ಒಪ್ಪಿದೆನ್ರೀ ಅಜ್ಜಾರ. ಗುಮಾಸ್ತ ಹಟಮಾರಿ. ಆದರ ಅವನ ಸಹಿ ಮಾತ್ರ ಎಲ್ಲೂ ಸುಳ್ಳು ಹೇಳಲಿಲ್ಲ. ಅದನ್ನಾದರೂ ಮೆಚ್ಚಬೇಕಲ್ಲರೀ?"

"ಹೌದಪ್ಪಾ," ಎಂದರು ಗುರುಗಳು, "ತಪ್ಪು ಯಾರದು ಅಂತ ಅದು ಎಂಟೂ ಡಿಪೋದಾಗ ಖರೇನೇ ಹೇಳ್ತಿತ್ತು."