ಮೂಕಹಳ್ಳಕ್ಕೆ ಆ ಹೆಸರು ಬಂದದ್ದು

ತೋಳನಗುಡ್ಡದ ಮಗ್ಗುಲಲ್ಲಿ ಹುಟ್ಟಿ, ಎರೆಹೊಲಗಳ ನಡುವೆ ಹೊರಳಾಡಿ, ಹುಣಸಿಹಾಳದ ಕೆಳಗೆ ದೊಡ್ಡ ಹೊಳೆಯನ್ನು ಸೇರುವ ಮೂಕಹಳ್ಳದಲ್ಲಿ ವರ್ಷದ ಬಹುಪಾಲು ನೀರೇ ಇರುವುದಿಲ್ಲ. ಬರೀ ಮರಳು, ದಂಡೆಗುಂಟ ಜಾಲಿ. ಹರಿಯದ ಹಳ್ಳಕ್ಕೆ ಸದ್ದೆಲ್ಲಿಂದ ಬಂದೀತು, ಅದಕ್ಕೇ ಈ ಹೆಸರು ಎಂದು ಹೊಸಬರು ನಗುತ್ತಾರೆ. ನಗಲಿ ಪಾಪ. ಗುಡ್ಡದ ಮೇಲೆ ಮಳೆ ಸುರಿದರೆ ಇಲ್ಲಿ ಸುಡುಬಿಸಿಲಿನಲ್ಲೇ ಆಳೆತ್ತರದ ಕೆಂಪು ನೀರು ನುಗ್ಗುವುದನ್ನು ಅವರು ಕಂಡಿಲ್ಲ. ಬಂದಾಗ ಅದು ಗುಡುಗಿಕೊಂಡೇ ಬರುತ್ತದೆ. ಮೂಕವಾದದ್ದು ಹಳ್ಳವಲ್ಲ.

ಹಿಂದೆ ಒಮ್ಮೆ, ಸೇತುವೆ ಇಲ್ಲದ ಕಾಲದಲ್ಲಿ, ಹುಣಸಿಹಾಳದ ಸಂಗನಗೌಡನ ಮಗಳು ತುಳಜವ್ವನ ದಿಬ್ಬಣ ಆಚೆ ದಂಡೆಯ ಗಂಡಿನ ಊರಿಗೆ ಹೊರಟಿತ್ತು ಎನ್ನುತ್ತಾರೆ. ಮದುವಣಗಿತ್ತಿಯ ಬಂಡಿಯ ಮುಂದೆ ಹಲಗಿ ಬಾರಿಸುತ್ತಿದ್ದವನು ಯಮನಪ್ಪ. ದಿಬ್ಬಣದ ಹಿಂದಿನ ತುದಿಯಲ್ಲಿ ಬಾರಿಸುತ್ತಿದ್ದವನು ಅವನ ಅಣ್ಣ ಭರಮಪ್ಪ. ತವರಿನ ಹೊಸ್ತಿಲಿನಿಂದ ಗಂಡನ ಹೊಸ್ತಿಲಿನವರೆಗೆ ಹಲಗಿಯ ಸದ್ದು ಕಡಿಯಬಾರದು, ಕಡಿದರೆ ಹುಡುಗಿಯ ತಾಳಿಗೆ ಕುತ್ತು ಎಂಬುದು ಆಗಿನವರ ನಂಬಿಕೆ. ಇವರ ಅಪ್ಪನ ಹಲಗಿ ಒಮ್ಮೆ ಬೇರೊಂದು ದಿಬ್ಬಣದ ನಡುದಾರಿಯಲ್ಲಿ ಹರಿದಿತ್ತು. ಆ ವರ್ಷವೇ ಮದುಮಗ ಹಾವು ಕಚ್ಚಿ ಸತ್ತ. ಊರವರು ಅಪ್ಪನನ್ನು ಹೊಡೆದು ಹೊರಗಟ್ಟಿದ್ದರು. ಆ ಭಯ ಅಣ್ಣತಮ್ಮರಿಬ್ಬರ ಎಲುಬಿಗಿಳಿದಿತ್ತು.

ಮದುವಣಗಿತ್ತಿಯ ಬಂಡಿ ಆಚೆ ದಂಡೆಯನ್ನು ಸಮೀಪಿಸಿತ್ತು, ಹಿಂದಿನವರು ಇನ್ನೂ ನಡುಮರಳಿನಲ್ಲಿದ್ದರು. ಎತ್ತುಗಳು ಗಕ್ಕನೆ ನಿಂತು ಕಿವಿ ನಿಮಿರಿಸಿದವು. ಯಮನಪ್ಪನ ಬರಿಗಾಲಿನಡಿ ಮರಳು ಸಣ್ಣಗೆ ನಡುಗುತ್ತಿತ್ತು. ತನ್ನದೇ ಬಡಿತವಿರಬೇಕೆಂದು ಅವನು ಕ್ಷಣ ಕೈ ತಡೆದ. ಯಾರೂ ಮುಟ್ಟದ ಹಲಗಿಯ ತೊಗಲು ತಾನಾಗಿಯೇ ಗುಂಯ್‌ಗುಡುತ್ತಿತ್ತು. ತಲೆ ಎತ್ತಿದರೆ ಆಕಾಶದಲ್ಲಿ ಮೋಡದ ಸುಳಿವಿಲ್ಲ.

“ಲೇ ಯಮನ್ಯಾ, ಕೈ ಯಾಕ ನಿಲ್ಲಿಸಿದಿ? ನನ್ನ ಮಗಳ ತಾಳಿ ಹರೀತಿಯೇನಲೇ?” ಎಂದು ಗೌಡ ಗುಡುಗಿದ. ಯಮನಪ್ಪ ಹೆದರಿ ಮತ್ತೆ ಬಾರಿಸಿದ. ಬಾರಿಸುತ್ತಲೇ ಅವನಿಗೆ ಅಳು ಬಂತು. ಬೆರಳಡಿಯ ನಡುಕ ತೋಳಿಗೇರಿದಾಗ ತಡೆಯಲಾರದೆ ಹಲಗಿಯನ್ನು ಎಸೆದು ಕೂಗಿದ: “ಗೌಡ್ರ, ಹಳ್ಳ ಬಂತ್ರೀ!” ಸದ್ದಡಗಿದ್ದೇ ತಡ, ಮುಂದಿದ್ದವರಿಗೆಲ್ಲ ನೀರಿನ ಮೊರೆತ ಕೇಳಿಸಿತು. ತುಳಜವ್ವ ಬಂಡಿಯಿಂದ ಧುಮುಕಿ ಸೀರೆ ಎತ್ತಿಕಟ್ಟಿ ಓಡಿದಳು. ಗೌಡನೂ ಬಿದ್ದೆನೋ ಕೆಟ್ಟೆನೋ ಎಂದು ದಂಡೆ ಹತ್ತಿದ.

ಹಿಂದಿದ್ದ ಭರಮಪ್ಪನಿಗೆ ಮಾತ್ರ ತಿಳಿದದ್ದು ಒಂದೇ: ತಮ್ಮನ ಹಲಗಿ ನಿಂತಿತು. ಇನ್ನು ತಮ್ಮನಿಗೂ ಅಪ್ಪನ ಗತಿಯೇ ಎಂದು ಬೆದರಿ, ಅವನ ತಪ್ಪು ಮುಚ್ಚಲು ತೋಳಿನ ಶಕ್ತಿಯೆಲ್ಲ ಬಿಟ್ಟು ಬಡಿಯತೊಡಗಿದ. ಅವನ ಸುತ್ತಲಿನವರಿಗೆ ಆ ಬಡಿತವಲ್ಲದೆ ಬೇರೇನೂ ಕೇಳಿಸಲಿಲ್ಲ. ದಂಡೆಯ ಮೇಲೆ ಯಮನಪ್ಪ, “ಯಣ್ಣಾ, ನಿಲ್ಲಿಸೋ! ನಿನ್ನ ಕಾಲಿಗೆ ಬೀಳ್ತೀನಿ, ನಿಲ್ಲಿಸೋ!” ಎಂದು ಗಂಟಲು ಹರಿಯುವಂತೆ ಅರಚುತ್ತಿದ್ದ. ಅಣ್ಣ ತಮ್ಮನ ಕಡೆ ನೋಡಿ, ಹೆದರಬೇಡ ಎಂಬಂತೆ ತಲೆಯಾಡಿಸಿ, ಇನ್ನೂ ಜೋರಾಗಿ ಬಡಿದ. ಕೆಂಪು ನೀರು ಅವರೆಲ್ಲರನ್ನೂ ಒಮ್ಮೆಲೇ ಬಳಿದುಕೊಂಡು ಹೋಯಿತು.

ತುಳಜವ್ವ ಮೊಮ್ಮಕ್ಕಳನ್ನು ಕಂಡು ಮುತ್ತೈದೆಯಾಗಿಯೇ ತೀರಿದಳಂತೆ. ಹಲಗಿ ಕಡಿಯಲಿಲ್ಲವಲ್ಲ, ಅದಕ್ಕೇ ಎಂದರು ಊರವರು. ಯಮನಪ್ಪ ಆ ಮಾತು ಕೇಳಿದಾಗಲೆಲ್ಲ ಎದ್ದು ಹೋಗುತ್ತಿದ್ದ.

ಈಗ ಅಲ್ಲಿ ಸೇತುವೆಯಿದೆ. ಆದರೂ ಮದುವೆಯಿರಲಿ, ಹೆಣವಿರಲಿ, ಹಳ್ಳ ದಾಟುವವರು ತುಟಿ ಬಿಚ್ಚುವುದಿಲ್ಲ. ಟ್ರ್ಯಾಕ್ಟರಿನ ಮೇಲಿನ ಡಿಜೆಯವರೂ ಹಾಡು ನಿಲ್ಲಿಸುತ್ತಾರೆ. ಎಲ್ಲರ ಕಣ್ಣೂ ಗುಡ್ಡದ ಕಡೆಗೇ. ಆಚೆ ದಂಡೆಯಲ್ಲಿ, ಮೊದಲು ದಾಟಿದ ಹಲಗಿಯವನು ಕೈಕಟ್ಟಿ ನಿಂತು ಕಾಯುತ್ತಾನೆ. ಕೊನೆಯ ಹಲಗಿಯವನು ದಾಟಿ ಬಂದು ತನ್ನ ಹಲಗಿಗೆ ಮೊದಲ ಪೆಟ್ಟು ಕೊಡುವವರೆಗೆ ಅವನು ಬಾರಿಸುವುದಿಲ್ಲ.