ಎಂಟು ದಿನದ ವಿದ್ಯೆ

ಶ್ರಾವಣ ಬಹುಳ ತದಿಗೆ, ಬುಧವಾರ. ಬೆಳಗಿನಿಂದ ಮೋಡ ಮುಚ್ಚಿತ್ತು, ಹನಿ ಬಿದ್ದಿರಲಿಲ್ಲ.

ಪಾಳೆಯಗಾರ ಕೆಂಗಣ್ಣ ನಾಯಕರು ಮಠದ ಜಗುಲಿಗೆ ಬಂದು ನಿಂತರು. ಐಗಳು ಗುರುಪಾದಯ್ಯನವರು ಮೂವತ್ತು ವರ್ಷದಿಂದ ಮಕ್ಕಳಿಗೆ ಓದುಬರಹ ಕಲಿಸುತ್ತಿದ್ದ ಜಾಗ ಅದು. ಮಕ್ಕಳು ಮರಳಿನ ಮೇಲೆ ಬೆರಳಿಟ್ಟು ‘ಅ’ ತಿದ್ದುತ್ತಿದ್ದರು.

“ಹೋದ ತಿಂಗಳೂ ಇದನ್ನೇ ತಿದ್ದುತ್ತಿದ್ದರಲ್ಲ, ಐಗಳೇ?”

“ಹೌದು, ಬುದ್ಧಿ. ಇನ್ನೂ ಕೈ ಕೂತಿಲ್ಲ.”

“ಇದು ಕಲಿಸುವುದಲ್ಲ, ಕಾಲ ಕಳೆಯುವುದು. ಎಂಟು ದಿನ ಕೊಟ್ಟಿದ್ದೇನೆ. ಪಕ್ಕದ ಪಾಳೆಯದವರು ಬರುತ್ತಾರೆ. ಅವರೆದುರು ನಾನೇ ಓಲೆ ಓದಬೇಕು. ಅಷ್ಟರೊಳಗೆ ನನಗೆ ಎಲ್ಲ ಕಲಿಸಿ. ಆಗದಿದ್ದರೆ ಈ ಜಗುಲಿ ಕುದುರೆ ಲಾಯ.”

ನಿಧಾನವಾಗಿ ಕಲಿತರೆ ಮಾತ್ರ ವಿದ್ಯೆ ನಿಲ್ಲುತ್ತದೆಂದು ಐಗಳು ವಿವರಿಸಹೊರಟರು. ನಾಯಕರು ಆಗಲೇ ಮೆಟ್ಟಿಲಿಳಿದಿದ್ದರು.

ಐಗಳು ನೇರವಾಗಿ ಆಸ್ಥಾನದ ವಿದೂಷಕ ಸಿದ್ದರಸನ ಮನೆಗೆ ಹೋದರು. ಆತ ಎಲೆಅಡಿಕೆ ಮೆಲ್ಲುತ್ತಾ ಎಲ್ಲ ಕೇಳಿದ.

“ಬೆಳಿಗ್ಗೆ ಗರಡಿಗೆ ಬನ್ನಿ, ಐಗಳೇ. ಏನೂ ಮಾತಾಡಬೇಡಿ. ನಗು ಬಂದರೆ ಗೋಡೆ ಕಡೆ ತಿರುಗಿ.”

ನಾಯಕರು ಕುಸ್ತಿಯಲ್ಲಿ ಹೆಸರಾದವರು. ಗರಡಿಯಲ್ಲಿ ಅವರೇ ಉಸ್ತಾದರು. ಬೆಳಿಗ್ಗೆ ಸಿದ್ದರಸ ಲಂಗೋಟಿ ಕಟ್ಟಿ, ಪಕ್ಕೆಲುಬು ತೋರಿಸಿಕೊಂಡು ಅವರೆದುರು ನಿಂತ. ಐಗಳು ಆಗಲೇ ಗೋಡೆ ಕಡೆ ತಿರುಗಬೇಕಾಯಿತು.

“ನಾಡಿದ್ದು ಬೀಗರ ಊರಲ್ಲಿ ಕುಸ್ತಿ ಹಿಡಿಯುತ್ತೇನೆಂದು ಬಾಯಿ ತಪ್ಪಿ ಹೇಳಿಬಿಟ್ಟೆ, ಬುದ್ಧಿ. ನಾಳೆಯೊಳಗೆ ಎಲ್ಲ ಪಟ್ಟುಗಳನ್ನೂ ಕಲಿಸಬೇಕು.”

ನಾಯಕರು ನಕ್ಕು ಅವನ ಕೈಗೆ ಗುದ್ದಲಿ ಕೊಟ್ಟರು.

“ಮೊದಲು ನಲವತ್ತು ದಿನ ಅಖಾಡದ ಮಣ್ಣು ಅಗೆ.”

“ಅಗೆಯುವುದೂ ಒಂದು ಪಟ್ಟೇ?”

“ಅಲ್ಲ. ಆದರೆ ಮಣ್ಣು ಅಗೆಯದವನ ಸೊಂಟದಲ್ಲಿ ಯಾವ ಪಟ್ಟೂ ನಿಲ್ಲುವುದಿಲ್ಲ.”

“ಬಾಯಲ್ಲಿ ಹೇಳಿಬಿಡಿ, ಕೇಳಿ ಕಲಿಯುತ್ತೇನೆ.”

“ಕೇಳಿದರೆ ಕಿವಿಗೆ ಬರುತ್ತದೆ, ಮೈಗೆ ಬರುವುದಿಲ್ಲ.”

“ಅಗೆದ ಮೇಲೆ ಎಲ್ಲ ಪಟ್ಟೂ ಹೇಳಿಕೊಡುತ್ತೀರಾ?”

“ಒಂದು. ಅದನ್ನೇ ಸಾವಿರ ಸಲ. ಅದು ಕೂತ ಮೇಲೆ ಇನ್ನೊಂದು. ಅವಸರಪಟ್ಟವನ ಕೀಲು ಮುರಿಯುತ್ತದೆ, ತಿಳಿಯಿತೇನಯ್ಯಾ?”

ಸಿದ್ದರಸ ಗುದ್ದಲಿಯನ್ನು ಮೆಲ್ಲಗೆ ಕೆಳಗಿಟ್ಟ.

“ಹಾಗಾದರೆ ಈ ಗರಡಿಯನ್ನೂ ಲಾಯ ಮಾಡಿಸಿಬಿಡಿ, ಬುದ್ಧಿ. ನಿಮ್ಮ ಕುದುರೆಗಳಿಗೆ ಐಗಳ ಜಗುಲಿ ಒಂದೇ ಸಾಲದು.”

ನಾಯಕರು ಮೀಸೆ ತಿರುವಿದರು. ಆಮೇಲೆ ಐಗಳ ಕಡೆ ನೋಡಿದರು.

“ಇದನ್ನು ಇವರೇ ಹೇಳಬಹುದಿತ್ತಲ್ಲ?”

“ಹೇಳಿದರು, ಬುದ್ಧಿ. ಕಿವಿಗೆ ಬಂತು.”

ನಾಯಕರ ಹೊಟ್ಟೆ ಮೊದಲು ಕುಣಿಯಿತು, ನಗು ಆಮೇಲೆ ಹೊರಬಂತು. ಪಕ್ಕದ ಪಾಳೆಯದವರ ಓಲೆಯನ್ನು ಎಂದಿನಂತೆ ಕರಣಿಕರೇ ಓದಲಿ ಎಂದು ಅಲ್ಲೇ ಅಪ್ಪಣೆಯಾಯಿತು.

ಐಗಳು ಮನೆಗೆ ಬಂದಾಗ ಹೆಂಡತಿ ಚೆನ್ನವ್ವ ಪಾತ್ರೆಗಳನ್ನು ಗಂಟು ಕಟ್ಟುತ್ತಿದ್ದರು.

“ಬಿಚ್ಚು. ಜಗುಲಿ ಉಳಿಯಿತು.”

“ಅಷ್ಟೇನಾ? ಅಷ್ಟೊಂದು ಹೆದರಿಸಿದವರು ತಪ್ಪುಕಾಣಿಕೆ ಅಂತ ಏನೂ ಕೊಡಲಿಲ್ವಾ?”

“ಕೊಟ್ಟರು. ಒಬ್ಬ ವಿದ್ಯಾರ್ಥಿಯನ್ನು.”

“ಯಾರ ಮನೆಯವನು?”

“ಅರಮನೆಯವನೇ. ವಯಸ್ಸು ನಲವತ್ತೆಂಟು, ಬೆರಳು ಬಾಳೆಕಾಯಿಯಷ್ಟು ದಪ್ಪ. ನಾಳೆಯಿಂದ ದಿನಾ ಬೆಳಿಗ್ಗೆ ಮಕ್ಕಳ ಹಿಂದೆ ಕೂತು ತಿದ್ದುತ್ತಾರಂತೆ. ‘ಅ’ ಮುಗಿಯುವಷ್ಟರಲ್ಲಿ ದೀಪಾವಳಿ.”