ಹಳ್ಳ ದಾಟಿಸಿದ ಕುಂಟು ಮರಿ

ಮುದ್ದವ್ವ ತಾಯಿಯವರ ಪಾದದ ಧೂಳು ಈ ನಾಲಗೆಯ ಮೇಲಿರಲಿ, ಹೇಳುವ ಮಾತು ತಪ್ಪದಿರಲಿ. ಊರಾಚೆ, ಹಿರೇಹಳ್ಳದ ದಂಡೆಯಲ್ಲಿದ್ದ ಸೂರಿಲ್ಲದ ಹಳೆಯ ಕುರಿದೊಡ್ಡಿಯೇ ಆ ಮಹಾತಾಯಿಯವರ ಮಠ. ಹಾಸಲೂ ಹೊದೆಯಲೂ ಒಂದೇ ಕರಿ ಕಂಬಳಿ; ಅದೇ ಅವರ ಕಾವಿ. ಎಂಥ ಮಳೆ ಸುರಿದರೂ ಅವರು ಕೂತ ನೆಲ ಒಣಗಿಯೇ ಇರುತ್ತಿತ್ತು. ನಂಬದವರು ನನ್ನನ್ನು ಕೇಳಬೇಕು. ಗುಡ್ಡದಾಚೆ ಮೇಯುವ ಕುರಿಯ ಕಿವಿಯ ಗುರುತನ್ನು ಈಚೆ ನಿಂತು ಹೇಳುತ್ತಿದ್ದ ಕಣ್ಣು ನನ್ನದು.

ಆಗ ನಾನು ಮಾಳಿಂಗಪ್ಪನ ಹಿಂಡು ಕಾಯುತ್ತಿದ್ದೆ. ಅದೇನು ಸಣ್ಣ ಹಿಂಡೇ? ಮುಂದಿನ ಕುರಿ ನೀರು ಕುಡಿದು ತಲೆ ಎತ್ತುವಾಗ ಹಿಂದಿನದು ಇನ್ನೂ ಪಕ್ಕದೂರಿನ ಅಗಸೆ ಬಾಗಿಲು ದಾಟಿರುತ್ತಿರಲಿಲ್ಲ. ಆ ವರ್ಷ ಹಳ್ಳ ಏಕಾಏಕಿ ಉಕ್ಕಿ, ಹಿಂಡಿನ ಮುಂದೆ ನಡೆಯುತ್ತಿದ್ದ ಗಂಟೆಯ ಟಗರನ್ನೂ ಹೊಸದಾಗಿ ಈದ ಒಂದು ಕುರಿಯನ್ನೂ ಕೊಚ್ಚಿಕೊಂಡು ಹೋಯಿತು. ಆ ಕುರಿಯ ಮರಿ ಬಂಡೆಗೆ ಸಿಕ್ಕಿ, ಹಿಂಗಾಲು ಮುರಿದುಕೊಂಡು ಉಳಿಯಿತು.

"ಬದುಕಂಗಿಲ್ಲ, ಬಿಡ್ರಲೇ" ಎಂದು ಮಾಳಿಂಗಪ್ಪ ಮರಿಯನ್ನು ಮುಳ್ಳುಬೇಲಿಯ ಬದಿಗೆ ಹಾಕಿಸಿದ. ಕೆಳಗೆಲ್ಲೋ ಸಿಕ್ಕ ಸತ್ತ ಟಗರಿನ ಕೊರಳ ಗಂಟೆಯನ್ನು ಮಾತ್ರ ಬಿಚ್ಚಿ ತಂದು ನಡುವಿಗೆ ಸಿಕ್ಕಿಸಿಕೊಂಡ.

ತಾಯಿಯವರು ಮರಿಯನ್ನು ಎತ್ತಿ ತಂದರು. ಕಾಲಿಗೆ ಬಿದಿರಿನ ದಬ್ಬೆ ಕಟ್ಟಿದರು. ಆಡಿನ ಹಾಲಿನಲ್ಲಿ ಬಟ್ಟೆಯ ಬತ್ತಿ ಅದ್ದಿ ಚೀಪಿಸಿದರು. ಕಾಲು ಕೂಡಿತು, ಕುಂಟು ಉಳಿಯಿತು. ಆದರೆ ನೀರು ಕಂಡರೆ ಸಾಕು, ಮರಿ ಗಡಗಡ ನಡುಗುತ್ತಿತ್ತು. ತಾಯಿಯವರು ದಿನವೂ ಅದನ್ನು ಮಡಿಲಲ್ಲಿಟ್ಟುಕೊಂಡು ಹಳ್ಳದ ನೀರಿನಲ್ಲೇ ಕೂತು ಕಾಲು ತೊಳೆಯುತ್ತಿದ್ದರು. ಆಮೇಲೆ ಆಚೆ ದಂಡೆಯ ಬೇವಿನ ಬುಡದಲ್ಲಿ ಹಾಲು ಕುಡಿಸುತ್ತಿದ್ದರು. ಬರಬರುತ್ತ ಮರಿ ತಾನೇ ನಡೆದು ದಾಟತೊಡಗಿತು.

"ಏನವ್ವಾ, ಕುರಿಗೆ ಈಜು ಕಲಿಸಾಕ ಹತ್ತೀಯೇನು? ನಾಳೆ ಮೀನಿಗೆ ಹುಲ್ಲು ಮೇಯೋದು ಕಲಿಸ್ತಿ ಬಿಡು!" ಎಂದು ಮಾಳಿಂಗಪ್ಪ ನಕ್ಕ. ನಾವೂ ನಕ್ಕೆವು. ತಾಯಿಯವರೂ ನಕ್ಕರು.

ನಗು ಬಹಳ ಕಾಲ ಬಾಳಲಿಲ್ಲ. ಈಚೆ ಎಲ್ಲ ಬಿತ್ತಿದ ಹೊಲ; ಇದ್ದ ತುಸು ಬೀಳು ನೆಲವೂ ಮೇದು ಬೋಳಾಯಿತು. ಆಚೆ ಗುಡ್ಡದ ತುಂಬ ಹುಲ್ಲು. ಹಳ್ಳವೂ ಇಳಿದು ಗೇಣುದ್ದ ನೀರಿತ್ತು. ಆದರೂ ಮುಂದಾಳು ಟಗರಿಲ್ಲದೆ ಒಂದು ಕುರಿಯೂ ನೀರಿಗೆ ಕಾಲಿಡಲಿಲ್ಲ. ಹೆಗಲ ಮೇಲೆ ಹೊತ್ತು ದಾಟಿಸಹೋದರೆ ದಂಡೆಯಲ್ಲೇ ಕೊಸರಿಕೊಂಡು ತಿರುಗಿ ಹಿಂಡಿಗೇ ಓಡಿ ಬರುತ್ತಿದ್ದವು. ತಾಯಿಕುರಿಗಳ ಕೆಚ್ಚಲು ಬತ್ತಿ ಎಳೆಯ ಮರಿಗಳು ನಿಂತಲ್ಲೇ ಬೀಳತೊಡಗಿದವು.

ಮಾಳಿಂಗಪ್ಪ ಬುಸುಗುಡುತ್ತ ದೊಡ್ಡಿಗೆ ಬಂದ. "ಅಲ್ಲಿ ನನ್ನ ಹಿಂಡ ಸಾಯಾಕ ಹತ್ತೈತಿ, ನೀ ಇಲ್ಲಿ ಕುಂಟು ಮರೀನ ಮುದ್ದು ಮಾಡ್ಕೊಂತ ಕುಂತೀಯೇನವ್ವಾ? ಶಕ್ತಿ ಇದ್ರ ದಾಟಿಸು. ಇಲ್ಲಂದ್ರ ಆ ಕಂಬಳಿ ತಗದಿಡು!"

ತಾಯಿಯವರು ಮರಿಯನ್ನು ಕೆಳಗಿಳಿಸಿದರು. "ಇದನ್ನ ಮುಂದ ಬಿಡಪ್ಪ."

"ಈ ಕುಂಟನ್ನ?"

ತಾಯಿಯವರು ಎದ್ದರು. ಹಳ್ಳ ದಾಟಿ ಹೋಗಿ ಬೇವಿನ ಬುಡದಲ್ಲಿ ಕೂತರು.

ಮರಿ ಹಿಂಡಿನ ಮುಂದೆ ಬಂದು ನಿಂತಿತು. ಆಚೆ ನೋಡಿ ಒಮ್ಮೆ ಅರಚಿತು. ಕುಂಟುತ್ತ ನೀರಿಗಿಳಿಯಿತು. ನಡುಹಳ್ಳದಲ್ಲಿ ಮುಗ್ಗರಿಸಿ ಬಿತ್ತು. ಮಾಳಿಂಗಪ್ಪ ಕಣ್ಣು ಮುಚ್ಚಿಕೊಂಡ. ಮರಿ ಎದ್ದಿತು. ಮತ್ತೆ ನಡೆಯಿತು.

ಇಡೀ ಹಿಂಡು ತಲೆ ಎತ್ತಿತು. ಒಂದು ಮುದಿ ಕುರಿ ಕಾಲಿಟ್ಟಿತು. ಅದರ ಬೆನ್ನಿಗೆ ಇನ್ನೊಂದು. ಆಮೇಲೆ ನೋಡಬೇಕು ಸ್ವಾಮಿ, ನೀರಿನ ಹಳ್ಳಕ್ಕೆ ಅಡ್ಡವಾಗಿ ಕುರಿಗಳ ಹಳ್ಳವೇ ಹರಿಯಿತು! ನೀರು ಎರಡು ಬದಿಗೆ ಸರಿದು ದಾರಿ ಬಿಟ್ಟಿತು. ಅಂದು ಒಂದು ಗೊರಸೂ ನೆನೆಯಲಿಲ್ಲ. ನಾನೇ ಮುಟ್ಟಿ ನೋಡಿದ್ದೇನೆ.

ಮಾಳಿಂಗಪ್ಪ ಕೊನೆಗೆ ದಾಟಿದ. ನಡುವಿಗೆ ಸಿಕ್ಕಿಸಿದ್ದ ಗಂಟೆ ತೆಗೆದು ಮರಿಯ ಕೊರಳಿಗೆ ಕಟ್ಟಿದ. ಭಾರಕ್ಕೆ ಮರಿಯ ಮೂತಿ ನೆಲಕ್ಕೆ ಬಾಗಿತು.

"ಅದಕ್ಕ ಭಾರ ಆಗ್ತೈತಪ್ಪ," ಎಂದರು ತಾಯಿಯವರು. "ನೀನ ಹೊರು."

ಯಾವ ಗೌಡನ ಮುಂದೆಯೂ ಬಾಗದ ಕೊರಳು ಅದು. ಮಾಳಿಂಗಪ್ಪ ಗಂಟೆಯನ್ನು ಬಿಚ್ಚಿ ತನ್ನ ಕೊರಳಿಗೇ ಕಟ್ಟಿಕೊಂಡ. ಅಂದಿನಿಂದ ದಾರಿಯಲ್ಲಿ ಬಿದ್ದ ಮರಿ ಕಂಡರೆ ಇಡೀ ಹಿಂಡನ್ನು ನಿಲ್ಲಿಸಿ ಎತ್ತಿಕೊಳ್ಳುತ್ತಿದ್ದ. ಎಲ್ಲಕ್ಕೂ ಮುಂದೆ ಆ ಕುಂಟು ಮರಿ; ಅದರ ಹಿಂದೆ, ಅದರ ನಡಿಗೆಗೆ ತನ್ನ ಹೆಜ್ಜೆ ತಗ್ಗಿಸಿ, ಗಂಟೆ ಬಾರಿಸುತ್ತ ಮಾಳಿಂಗಪ್ಪ.